ತನಿಖೆಯ ಹಿತ ಯಾರ ಹಿತ?

ಯಾರಾದರೂ ಕಾಣೆಯಾದ ಸುದ್ದಿ ಪತ್ರಿಕೆಯಲ್ಲಿ ಬಂದರೆ ಅದರ ಕೊನೆಯಲ್ಲಿ ಸಾಮಾನ್ಯವಾಗಿ ಒಂದು ವಾಕ್ಯವಿರುತ್ತದೆ: 'ತನಿಖೆಯ ಹಿತದೃಷ್ಟಿಯಿಂದ ಹೆಚ್ಚಿನ ವಿವರ ನೀಡಲಾಗದು ಎಂದು ಪೊಲೀಸ್ ಅಧಿಕಾರಿಗಳು ತಿಳಿಸಿದ್ದಾರೆ.' ನಾವು ಈ ವಾಕ್ಯಕ್ಕೆ ಎಷ್ಟು ಒಗ್ಗಿ ಹೋಗಿದ್ದೇವೆಂದರೆ ಅದನ್ನು ಓದಿಯೂ ಓದದವರಂತೆ ಮುಂದಿನ ಸುದ್ದಿಗೆ ಹೋಗುತ್ತೇವೆ. ಆದರೆ ಇದೇ ವಾಕ್ಯವನ್ನು ಠಾಣೆಯ ಬೆಂಚಿನ ಮೇಲೆ ಕುಳಿತ ತಾಯಿಯೂ ಕೇಳುತ್ತಾಳೆ, ಕ್ಯಾಮೆರಾ ಹಿಡಿದು ನಿಂತ ವರದಿಗಾರನೂ ಕೇಳುತ್ತಾನೆ, ಚಹಾದಂಗಡಿಯ ಗುಂಪೂ ಕೇಳುತ್ತದೆ. ಮೂವರ ಅಗತ್ಯ ಬೇರೆ ಬೇರೆ, ಮೂವರಿಗೂ ಸಿಗುವ ಉತ್ತರ ಮಾತ್ರ ಒಂದೇ.

ಈ ಉತ್ತರ ಕೇಳಿದಾಗ ನಮ್ಮ ಸಮಾಜ ಎರಡು ರೀತಿಯಲ್ಲಿ ಪ್ರತಿಕ್ರಿಯಿಸುತ್ತದೆ. ಪೊಲೀಸರು ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದು ಒಂದು ವರ್ಗ ಸಂಶಯಪಡುತ್ತದೆ. ಪೊಲೀಸರಿಗೆ ಎಲ್ಲವೂ ಗೊತ್ತಿರುತ್ತದೆ, ಪ್ರಶ್ನಿಸಬಾರದು ಎಂದು ಇನ್ನೊಂದು ವರ್ಗ ಸುಮ್ಮನಾಗುತ್ತದೆ. ಎರಡೂ ಯೋಚನೆಯ ಶ್ರಮ ತಪ್ಪಿಸಿಕೊಳ್ಳುವ ದಾರಿಗಳೇ. ಏನನ್ನು ಮುಚ್ಚಿಡಲಾಗಿದೆ, ಯಾರಿಂದ, ಯಾರಿಗಾಗಿ, ಎಲ್ಲಿಯ ತನಕ ಎಂಬ ಪ್ರಶ್ನೆಗಳನ್ನು ಬಿಡಿಬಿಡಿಯಾಗಿ ಕೇಳದೆ ಈ ಮೌನವನ್ನು ಒಪ್ಪುವುದಾಗಲಿ, ತಿರಸ್ಕರಿಸುವುದಾಗಲಿ ಸರಿಯಲ್ಲ.

ಮೊದಲು ಪೊಲೀಸರ ಪಕ್ಷವನ್ನೇ ಕೇಳೋಣ. ಮೌನಕ್ಕೆ ಗಟ್ಟಿಯಾದ ಕಾರಣಗಳಿವೆ.

ಕಾಣೆಯಾದವರ ಸುದ್ದಿ ಹರಡಿದೊಡನೆ ಠಾಣೆಗೆ ಕರೆಗಳ ಸುರಿಮಳೆಯಾಗುತ್ತದೆ. ನೋಡಿದವರು, ನೋಡಿದೆವೆಂದು ಭ್ರಮಿಸಿದವರು, ಹಣಕ್ಕಾಗಿ ಸುಳ್ಳು ಹೇಳುವವರು ಎಲ್ಲರೂ ಅದರಲ್ಲಿರುತ್ತಾರೆ. ಮಗು ನಮ್ಮ ಬಳಿ ಇದೆ, ಇಷ್ಟು ಲಕ್ಷ ಕೊಡಿ ಎಂದು ಕರೆ ಮಾಡುವ ವಂಚಕನ ಕೈಯಲ್ಲಿ ಮಗುವೇ ಇರಲಿಕ್ಕಿಲ್ಲ. ಇವರಲ್ಲಿ ನಿಜವಾಗಿ ತಿಳಿದವನನ್ನು ಹೆಕ್ಕುವುದು ಹೇಗೆ? ಮಗುವಿನ ಅಂಗಿಯ ಒಂದು ಗುಂಡಿ ಬೇರೆ ಬಣ್ಣದ್ದು ಎಂಬಂಥ ಸಣ್ಣ ವಿವರವನ್ನು ಪೊಲೀಸರು ತಮ್ಮಲ್ಲೇ ಇಟ್ಟುಕೊಂಡಿದ್ದರೆ, ಅದನ್ನು ಬಲ್ಲವನ ಮಾತಿಗೆ ಮಾತ್ರ ಬೆಲೆ ಕೊಡಬಹುದು. 1932ರಲ್ಲಿ ಅಮೆರಿಕದ ವಿಮಾನಯಾನಿ ಚಾರ್ಲ್ಸ್ ಲಿಂಡ್‌ಬರ್ಗ್ ಅವರ ಮಗುವಿನ ಅಪಹರಣವಾದಾಗ ಒತ್ತೆಹಣ ಕೇಳಿದ ಪತ್ರದಲ್ಲಿ ಒಂದರೊಳಗೊಂದು ಸೇರಿದ ವೃತ್ತಗಳ ಗುರುತು, ಮೂರು ತೂತುಗಳು ಇದ್ದವು. ನಿಜವಾದ ಪತ್ರವನ್ನು ಗುರುತಿಸುವ ದಾರಿ ಅದೇ ಆಗಿತ್ತು. ಆ ಗುರುತು ಮೊದಲ ದಿನವೇ ಎಲ್ಲರ ಕೈಗೆ ಸಿಕ್ಕಿದ್ದರೆ ಯಾವ ಪತ್ರವನ್ನು ನಂಬುವುದು? ಅಂಥದೇ ವಿವರ ನಕಲಿ ತಪ್ಪೊಪ್ಪಿಗೆಯನ್ನೂ ಬಯಲಿಗೆಳೆಯುತ್ತದೆ. ಲಾಠಿಯ ಹೊಡೆತಕ್ಕೆ ಹೆದರಿ ಯಾರೋ ಬಡಪಾಯಿ ಮಾಡದ ತಪ್ಪನ್ನು ಒಪ್ಪಿಕೊಂಡರೂ ಈ ವಿವರ ಅವನ ಬಾಯಿಂದ ಬರುವುದಿಲ್ಲ. ಅಂದರೆ ಪೊಲೀಸರ ಮೌನ ಕೆಲವೊಮ್ಮೆ ಪೊಲೀಸರಿಂದಲೇ ನಿರಪರಾಧಿಯನ್ನು ಕಾಪಾಡಬಲ್ಲದು!

ಎರಡನೆಯ ಕಾರಣ ಇನ್ನೂ ಕಹಿಯಾದುದು. ಅಪರಾಧಿ ಮನೆಯೊಳಗೇ ಇರಬಹುದು. 2008ರಲ್ಲಿ ಇಂಗ್ಲೆಂಡಿನ ಡ್ಯೂಸ್‌ಬರಿಯಲ್ಲಿ ಒಂಬತ್ತು ವರ್ಷದ ಹುಡುಗಿ ಕಾಣೆಯಾದಾಗ ಅವಳ ತಾಯಿ ಟಿವಿ ಕ್ಯಾಮೆರಾಗಳ ಮುಂದೆ ನಿಂತು ಮಗಳಿಗಾಗಿ ಅಂಗಲಾಚಿದಳು. 24 ದಿನಗಳ ಬಳಿಕ ಮಗು ತಾಯಿಯ ಸಂಗಾತಿಯ ಸಂಬಂಧಿಯ ಮನೆಯಲ್ಲಿ, ಮಂಚದ ತಳದಲ್ಲಿ ಬಚ್ಚಿಟ್ಟ ಸ್ಥಿತಿಯಲ್ಲಿ ಜೀವಂತವಾಗಿ ಸಿಕ್ಕಿತು. ಬಹುಮಾನದ ಹಣಕ್ಕಾಗಿ ಹೂಡಿದ ಆಟದಲ್ಲಿ ತಾಯಿಯೂ ಪಾಲುದಾರಳಾಗಿದ್ದಳು. ತನಿಖೆಯ ಪ್ರತಿ ಹೆಜ್ಜೆಯನ್ನೂ ಮನೆಯವರಿಗೆ ವರದಿ ಮಾಡುವ ಪೊಲೀಸರು ಇಂಥ ಮಗುವನ್ನು ಜೀವಂತವಾಗಿ ತರಲಾರರು.

ಮೂರನೆಯದು, ಕಾಣೆಯಾದವರೆಲ್ಲ ಅಪಹರಣಕ್ಕೆ ಒಳಗಾದವರಲ್ಲ. ಗಂಡನ ಹೊಡೆತ ತಾಳಲಾರದೆ ಓಡಿಹೋದ ಹೆಂಡತಿ, ಮನೆಯವರು ಒಪ್ಪದ ಮದುವೆಯಾದ ಜೋಡಿ, ಸಾಲಕ್ಕೆ ಹೆದರಿ ಊರು ಬಿಟ್ಟ ಗಂಡಸು ಇವರೂ ಪೊಲೀಸ್ ದಾಖಲೆಯಲ್ಲಿ 'ಕಾಣೆಯಾದವರೇ'. ಹದಿನೆಂಟು ದಾಟಿದವರಿಗೆ ತಾವೆಲ್ಲಿರಬೇಕೆಂದು ನಿರ್ಧರಿಸುವ ಹಕ್ಕಿದೆ. ಪತ್ತೆಯಾದ ಬಳಿಕ 'ಅವರು ಕ್ಷೇಮವಾಗಿದ್ದಾರೆ' ಎಂಬುದಕ್ಕಿಂತ ಹೆಚ್ಚಿನದನ್ನು ಹೇಳದಿರುವುದು ಅಲ್ಲಿ ಪೊಲೀಸರ ಕರ್ತವ್ಯ. ಮನೆತನದ ಮಾನದ ಹೆಸರಲ್ಲಿ ಕೊಲೆಯಾಗುವ ದೇಶದಲ್ಲಿ ಒಂದು ವಿಳಾಸ ಸೋರಿದರೆ ಒಂದು ಜೀವ ಹೋಗಬಹುದು. 2018ರಲ್ಲಿ ಶಕ್ತಿ ವಾಹಿನಿ ಪ್ರಕರಣದ ತೀರ್ಪಿನಲ್ಲಿ ಇಂಥ ಜೋಡಿಗಳಿಗೆ ಸುರಕ್ಷಿತ ವಸತಿ ಒದಗಿಸಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು ಈ ಅಪಾಯವನ್ನು ಬಲ್ಲುದರಿಂದಲೇ.

ಹೀಗೆ ನೋಡಿದರೆ ಮೌನ ತಪ್ಪಲ್ಲ. ಆದರೆ ಈ ಮೂರೂ ಕಾರಣಗಳ ಹಿಂದೆ ಒಂದು ಸಾಮಾನ್ಯ ಅಂಶವಿದೆ. ಮೂರರಲ್ಲೂ ಮೌನದ ಫಲಾನುಭವಿ ಕಾಣೆಯಾದ ವ್ಯಕ್ತಿ, ಇಲ್ಲವೇ ಸುಳ್ಳು ಆರೋಪಕ್ಕೆ ಗುರಿಯಾಗಬಹುದಾದ ಅಮಾಯಕ. ವಿವರಗಳು ಪೊಲೀಸರ ಸ್ವಂತ ಆಸ್ತಿಯಲ್ಲ. ಅವು ಆ ವ್ಯಕ್ತಿಯ ಪರವಾಗಿ ಅವರ ಕೈಗೆ ನಂಬಿ ಒಪ್ಪಿಸಿದ ಸೊತ್ತು. ಒಪ್ಪಿಸಿದ ಸೊತ್ತಿಗೆ ಲೆಕ್ಕ ಕೊಡಬೇಕಾಗುತ್ತದೆ. ನಮ್ಮ ತಕರಾರು ಇರುವುದು ಈ ಲೆಕ್ಕದ ಬಗ್ಗೆ.

ಲೆಕ್ಕವಿರುವ ಮೌನ ಹೇಗಿರುತ್ತದೆ ಎಂಬುದಕ್ಕೆ ಜಪಾನಿನ ಪದ್ಧತಿಯನ್ನು ನೋಡಬಹುದು. 1960ರಲ್ಲಿ ಟೋಕಿಯೋದಲ್ಲಿ ಏಳು ವರ್ಷದ ಬಾಲಕನೊಬ್ಬನ ಅಪಹರಣವಾಯಿತು. ಪತ್ರಿಕೆಗಳು ಪೈಪೋಟಿಗೆ ಬಿದ್ದು ಬರೆದವು. ಬಾಲಕ ಕೊಲೆಯಾದ. ಸಿಕ್ಕಿಬಿದ್ದ ಅಪಹರಣಕಾರ, ಪತ್ರಿಕಾ ವರದಿಗಳೇ ತನ್ನನ್ನು ಮೂಲೆಗೆ ತಳ್ಳಿದವು ಎಂದ. ಕೊಲೆಗಾರನ ಮಾತನ್ನು ಪೂರ್ತಿ ನಂಬಬೇಕಾಗಿಲ್ಲ, ಆದರೆ ಜಪಾನಿನ ಪತ್ರಕರ್ತರು ಅದನ್ನು ತಳ್ಳಿಹಾಕಲಿಲ್ಲ. ಆ ಬಳಿಕ ಅಲ್ಲಿ ಒಂದು ಒಪ್ಪಂದ ರೂಪುಗೊಂಡಿತು. ಅಪಹರಣಕ್ಕೊಳಗಾದವರ ಜೀವ ಅಪಾಯದಲ್ಲಿರುವ ತನಕ ಪತ್ರಿಕೆಗಳು ಬರೆಯುವುದಿಲ್ಲ. ಅದಕ್ಕೆ ಪ್ರತಿಯಾಗಿ ಪೊಲೀಸರು ತನಿಖೆಯ ವಿವರಗಳನ್ನು ಪತ್ರಕರ್ತರಿಗೆ ಆಗಿಂದಾಗ್ಗೆ ಹೇಳುತ್ತಲೇ ಇರಬೇಕು. ಅಂದರೆ ಬರೆಯುವುದಕ್ಕೆ ತಡೆಯಿದೆ, ತಿಳಿಯುವುದಕ್ಕೆ ತಡೆಯಿಲ್ಲ. ಪೊಲೀಸರು ಸುಮ್ಮನೆ ಕುಳಿತಿದ್ದರೆ ಅದನ್ನು ಕಾಣುವ ಕಣ್ಣುಗಳು ಅಲ್ಲಿರುತ್ತವೆ. ಅಪಾಯ ಮುಗಿದಾಗ ಮೌನವೂ ಮುಗಿಯುತ್ತದೆ.

ಇಂಥ ಏರ್ಪಾಡು ಇಲ್ಲದ ಕಡೆ ಏನಾಗುತ್ತದೆ ಎಂಬುದನ್ನು 2023ರಲ್ಲಿ ಇಂಗ್ಲೆಂಡಿನ ಲಂಕಾಷೈರ್ ತೋರಿಸಿಕೊಟ್ಟಿತು. ಆ ವರ್ಷದ ಜನವರಿ 27ರ ಬೆಳಿಗ್ಗೆ ವೈರ್ ನದಿಯ ದಂಡೆಯಲ್ಲಿ ನಾಯಿಯೊಂದಿಗೆ ನಡೆಯಲು ಹೋದ 45 ವರ್ಷದ ಮಹಿಳೆ ಕಾಣೆಯಾದರು. ಅವರ ಮೊಬೈಲ್ ಬೆಂಚಿನ ಮೇಲಿತ್ತು, ಕಚೇರಿಯ ಕರೆ ಇನ್ನೂ ಚಾಲೂ ಇತ್ತು, ನಾಯಿ ಹತ್ತಿರದಲ್ಲೇ ಅಲೆಯುತ್ತಿತ್ತು. ಅವರು ನದಿಗೆ ಬಿದ್ದಿರಬೇಕು, ಬೇರೆಯವರ ಕೈವಾಡ ಕಾಣುವುದಿಲ್ಲ ಎಂದು ಕೆಲವೇ ದಿನಗಳಲ್ಲಿ ಪೊಲೀಸರು ಹೇಳಿದರು. ಹಾಗೆ ನಂಬಲು ಇದ್ದ ಕಾರಣಗಳನ್ನು ಮಾತ್ರ ಪೂರ್ತಿಯಾಗಿ ಹೇಳಲಿಲ್ಲ. ಆ ಮಹಿಳೆಯ ಆರೋಗ್ಯದ ಖಾಸಗಿ ಸಂಗತಿಗಳು ಅದರಲ್ಲಿ ಸೇರಿದ್ದವು. ಅಲ್ಲಿಯ ತನಕ ಅವರು ಮಾಡಿದ್ದು ಸರಿಯೇ.

ಆದರೆ ಜಗತ್ತು ಅಷ್ಟಕ್ಕೆ ತೃಪ್ತವಾಗಲಿಲ್ಲ. ಟಿಕ್‌ಟಾಕ್ ಪತ್ತೇದಾರರು ಆ ಹಳ್ಳಿಗೆ ದಾಳಿಯಿಟ್ಟರು. ಖಾಲಿ ಮನೆಗಳಿಗೆ ಇಣುಕಿದರು, ಹೊಲ ಅಗೆದರು, ಸ್ಥಳೀಯರನ್ನು ಚಿತ್ರೀಕರಿಸಿದರು. ಗುಂಪು ಚದುರಿಸಲು ಪೊಲೀಸರು ಆದೇಶ ಹೊರಡಿಸಬೇಕಾಯಿತು. ಪತ್ರಿಕೆಗಳೊಂದಿಗೆ ಪೊಲೀಸರ ಸಂಬಂಧ ಹಳಸಿತು. ಫೆಬ್ರವರಿ 15ರಂದು ಪತ್ರಿಕಾಗೋಷ್ಠಿಯಲ್ಲಿ ಆಕೆಗೆ 'ಕೆಲವು ನಿರ್ದಿಷ್ಟ ದೌರ್ಬಲ್ಯಗಳಿದ್ದವು' ಎಂದು ಅಧಿಕಾರಿಗಳು ಅರ್ಧ ಹೇಳಿ ಅರ್ಧ ನುಂಗಿದರು. ಯಾವ ದೌರ್ಬಲ್ಯ ಎಂಬ ಪ್ರಶ್ನೆ ಏಳುವುದು ಸಹಜವೇ ಆಗಿತ್ತು. ಅಂದು ಸಂಜೆ ಪೊಲೀಸರೇ ಹೇಳಿಕೆ ಹೊರಡಿಸಿ, ಮುಟ್ಟು ನಿಲ್ಲುವ ಕಾಲದ ತೊಂದರೆಗಳಿಂದ ಆಕೆ ಮದ್ಯದ ಸಮಸ್ಯೆಗೆ ಸಿಲುಕಿದ್ದರೆಂದು ಇಡೀ ಜಗತ್ತಿಗೆ ಸಾರಿಬಿಟ್ಟರು. ಯಾರೋ ಈ ಕಥೆಯನ್ನು ಪತ್ರಿಕೆಗಳಿಗೆ ಮಾರಲು ಹೊರಟಿದ್ದರು ಎಂಬ ಮಾತೂ ಆಗ ಕೇಳಿಬಂತು. ನಾಲ್ಕು ದಿನಗಳ ಬಳಿಕ, ಬೆಂಚಿನಿಂದ ಸುಮಾರು ಒಂದು ಮೈಲು ಕೆಳಗೆ, ನದಿಯಲ್ಲಿ ಶವ ಸಿಕ್ಕಿತು. ಅದು ಆಕಸ್ಮಿಕವಾಗಿ ನೀರಿಗೆ ಬಿದ್ದು ಆದ ಸಾವು ಎಂದು ಜೂನ್‌ನಲ್ಲಿ ವಿಚಾರಣೆ ತೀರ್ಮಾನಿಸಿತು. ಪೊಲೀಸರು ಮೊದಲ ವಾರದಲ್ಲಿ ಊಹಿಸಿದ್ದೇ ನಿಜವಾಯಿತು. ಆ ಹೇಳಿಕೆಯಿಂದ ಯಾರಿಗೂ ಹುಡುಕಲು ಸಹಾಯವಾಗಲಿಲ್ಲ. ಇಬ್ಬರು ಪುಟ್ಟ ಹೆಣ್ಣುಮಕ್ಕಳಿಗೆ ಮಾತ್ರ ತಾಯಿಯ ಬಗೆಗಿನ ಆ ಹೇಳಿಕೆ ಶಾಶ್ವತವಾಗಿ ಉಳಿಯಿತು.

ಅದೇ ವರ್ಷ ನವೆಂಬರ್‌ನಲ್ಲಿ ಅಲ್ಲಿನ ಪೊಲೀಸ್ ಕಾಲೇಜು ಪ್ರಕಟಿಸಿದ ಪರಾಮರ್ಶೆ, ಖಾಸಗಿ ವಿವರ ಬಹಿರಂಗಪಡಿಸಿದ್ದು ತಪ್ಪಿಸಬಹುದಾಗಿದ್ದ, ಅನಗತ್ಯವಾದ ಕ್ರಮ ಎಂದು ಹೇಳಿತು. ಹೊಣೆಯುಳ್ಳ ಪತ್ರಕರ್ತರಿಗೆ ಪ್ರಕಟಿಸಬಾರದೆಂಬ ಷರತ್ತಿನ ಮೇಲೆ ಹಿನ್ನೆಲೆಯನ್ನು ಮೊದಲೇ ತಿಳಿಸದೆ ಇದ್ದುದರಿಂದ ಉಂಟಾದ ಶೂನ್ಯವನ್ನು ವದಂತಿಗಳು ತುಂಬಿದವು ಎಂಬುದು ಅದರ ಮುಖ್ಯ ಟೀಕೆ. ಈ ವರದಿಯಲ್ಲಿ ನಮಗೆ ಕಲಿಯಲು ಒಂದು ಪಾಠವಿದೆ. ವಿವೇಚನೆಯಿಲ್ಲದ ಮೌನ ಮತ್ತು ವಿವೇಚನೆಯಿಲ್ಲದ ಮಾತು ಒಂದೇ ತಾಯಿಯ ಮಕ್ಕಳು. ಮೊದಲನೆಯದು ಬೆಳೆದು ಎರಡನೆಯದನ್ನು ಕರೆದು ತರುತ್ತದೆ.

ಅಲ್ಲಿ ಕನಿಷ್ಠ ಒಂದು ಪರಾಮರ್ಶೆಯಾದರೂ ನಡೆಯಿತು. ನಮ್ಮಲ್ಲಿ?

ನಮ್ಮಲ್ಲಿ ಪೊಲೀಸ್ ಠಾಣೆಗೆ ಎರಡು ಬಾಗಿಲುಗಳು. ಮುಂದಿನ ಬಾಗಿಲಲ್ಲಿ 'ತನಿಖೆಯ ಹಿತದೃಷ್ಟಿಯಿಂದ ಹೇಳಲಾಗದು' ಎಂಬ ಫಲಕ. ಹಿಂದಿನ ಬಾಗಿಲಿನಿಂದ 'ಬಲ್ಲ ಮೂಲಗಳ ಪ್ರಕಾರ' ಎಂಬ ಸುದ್ದಿ. ತಾಯಿಗೆ ಸಿಗದ ಮಾಹಿತಿ ಸಂಜೆಯ ಟಿವಿ ಚರ್ಚೆಗೆ ಸಿಗುತ್ತದೆ. ಹೀಗೆ ಸೋರುವುದು ಮಗುವನ್ನು ಹುಡುಕಲು ನೆರವಾಗುವ ಸುಳಿವೂ ಅಲ್ಲ. ಕಾಣೆಯಾದವರ ಚಾರಿತ್ರ್ಯಕ್ಕೆ ಮಸಿ ಬಳಿಯುವ ತುಣುಕುಗಳೇ ಹೆಚ್ಚು.

ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ವಿದ್ಯಾರ್ಥಿ ನಜೀಬ್ ಅಹ್ಮದ್ 2016ರ ಅಕ್ಟೋಬರ್ 15ರಂದು ತನ್ನ ಹಾಸ್ಟೆಲಿನಿಂದ ಕಾಣೆಯಾದರು. ಹಿಂದಿನ ರಾತ್ರಿ ಹಾಸ್ಟೆಲಿನಲ್ಲಿ ಗಲಾಟೆ ನಡೆದಿತ್ತು. ಬದಾಯೂಂನಿಂದ ಬಂದ ಅವರ ತಾಯಿ ದೆಹಲಿಯ ಬೀದಿಗಳಲ್ಲಿ ಕುಳಿತು ಒಂದೇ ಪ್ರಶ್ನೆ ಕೇಳಿದರು: ನನ್ನ ಮಗ ಎಲ್ಲಿ? ಆ ಪ್ರಶ್ನೆಗೆ ಉತ್ತರ ಬರಲಿಲ್ಲ. ಆದರೆ 2017ರ ಮಾರ್ಚ್‌ನಲ್ಲಿ ಪ್ರಮುಖ ಇಂಗ್ಲಿಷ್ ಪತ್ರಿಕೆಯೊಂದು, ಆತ ಅಂತರ್ಜಾಲದಲ್ಲಿ ಐಸಿಸ್ ಬಗ್ಗೆ ಹುಡುಕಿದ್ದಾನೆಂದು ಪೊಲೀಸ್ ತನಿಖೆ ಹೇಳುತ್ತದೆ ಎಂಬ ಸುದ್ದಿ ಪ್ರಕಟಿಸಿತು. ಅಂಥದೇನೂ ಸಿಕ್ಕಿಲ್ಲವೆಂದು ದೆಹಲಿ ಪೊಲೀಸರೇ ಬಹಿರಂಗವಾಗಿ ನಿರಾಕರಿಸಿದರು. ನಿರಾಕರಣೆ ಯಾರ ಕಿವಿಗೆ ಬಿತ್ತು? ಹುಡುಕಬೇಕಾದ ವಿದ್ಯಾರ್ಥಿ ಒಂದೇ ದಿನದಲ್ಲಿ ಸಂಶಯಿಸಬೇಕಾದ ವಿದ್ಯಾರ್ಥಿಯಾಗಿ ಬದಲಾದ. 2017ರ ಮೇ ತಿಂಗಳಲ್ಲಿ ಪ್ರಕರಣ ಸಿಬಿಐ ಕೈಗೆ ಹೋಯಿತು. 2018ರ ಅಕ್ಟೋಬರ್‌ನಲ್ಲಿ ಸಿಬಿಐ ಕಡತ ಮುಚ್ಚುವ ವರದಿ ಸಲ್ಲಿಸಿತು. 2025ರ ಜೂನ್ 30ರಂದು ದೆಹಲಿಯ ನ್ಯಾಯಾಲಯ ಆ ವರದಿಯನ್ನು ಅಂಗೀಕರಿಸಿತು. ಹೊಸ ಸುಳಿವು ಸಿಕ್ಕರೆ ತನಿಖೆ ಮತ್ತೆ ತೆರೆಯಬಹುದು ಎಂಬ ಮಾತಷ್ಟೇ ತಾಯಿಯ ಪಾಲಿಗೆ ಉಳಿದಿದೆ.

ನಮ್ಮ ಕರಾವಳಿಯಲ್ಲಿ ಈ ಮಾಹಿತಿಯ ಶೂನ್ಯಕ್ಕೆ ಇನ್ನೊಂದು ಬಣ್ಣವಿದೆ. ಇಲ್ಲಿ ಒಬ್ಬರು ಕಾಣೆಯಾದರೆ ಹುಡುಕಾಟಕ್ಕಿಂತ ಮೊದಲು ಶುರುವಾಗುವುದು ಅವರು ಯಾವ ಧರ್ಮದವರು, ಅಪಹರಿಸಿದವರು ಯಾವ ಧರ್ಮದವರಿರಬೇಕು ಎಂಬ ಲೆಕ್ಕಾಚಾರ. 2009ರಲ್ಲಿ ಕಾಣೆಯಾದ ಹುಡುಗಿಯರ ಪಟ್ಟಿಗೆ 'ಲವ್ ಜಿಹಾದ್' ಎಂಬ ಹೆಸರಿಟ್ಟು ಸಾವಿರ ಸಾವಿರ ಎಂದು ಪ್ರಚಾರ ನಡೆಯಿತು. ಆ ವರ್ಷ ಅಕ್ಟೋಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ತನಿಖೆಗೆ ಆದೇಶಿಸಿತು. ಸಂಘಟಿತ ಪ್ರಯತ್ನ ಯಾವುದೂ ಕಂಡುಬಂದಿಲ್ಲ ಎಂದು ಬಳಿಕ ಪೊಲೀಸರು ವರದಿ ಕೊಟ್ಟರು. ವರ್ಷವರ್ಷ ಎಷ್ಟು ಮಂದಿ ಕಾಣೆಯಾದರು, ಎಷ್ಟು ಮಂದಿ ಪತ್ತೆಯಾದರು, ಯಾಕೆ ಹೋಗಿದ್ದರು ಎಂಬ ಒಟ್ಟು ಲೆಕ್ಕವನ್ನು, ಯಾರ ಹೆಸರೂ ಹೇಳದೆ, ಜಿಲ್ಲಾ ಪೊಲೀಸರು ತಾವಾಗಿಯೇ ಪ್ರಕಟಿಸುವ ರೂಢಿಯಿದ್ದರೆ ಆ ಪ್ರಚಾರಕ್ಕೆ ಕಾಲೂರಲು ನೆಲ ಸಿಗುತ್ತಿರಲಿಲ್ಲ. ವ್ಯಕ್ತಿಯ ವಿವರ ಗುಟ್ಟಾಗಿರಲಿ. ಸಂಖ್ಯೆಯಲ್ಲಿ ಏನು ಗುಟ್ಟು?

2025ರ ಆರಂಭದಲ್ಲಿ ಜಿಲ್ಲೆಯ ಪೇಟೆಯೊಂದರಿಂದ ಪಿಯು ವಿದ್ಯಾರ್ಥಿಯೊಬ್ಬ ಕಾಣೆಯಾದಾಗಲೂ ಇದೇ ನಡೆಯಿತು. ಪೊಲೀಸರಿಗೆ ಸುಳಿವಿರಲಿಲ್ಲ, ಹೇಳಲು ಏನೂ ಇರಲಿಲ್ಲ. ಆದರೆ ವದಂತಿಗಳಿಗೆ ಎಲ್ಲವೂ ಗೊತ್ತಿತ್ತು! ಪ್ರತಿಭಟನೆಗಳಾದವು, ಬಂದ್ ಆಯಿತು, ಅಂಗಡಿಗಳ ಬಾಗಿಲು ಮುಚ್ಚಿತು, ನೆರೆಹೊರೆಯವರು ಪರಸ್ಪರ ಮುಖ ನೋಡಲು ಹಿಂಜರಿದರು. ಹನ್ನೊಂದನೆಯ ದಿನ ಹುಡುಗ ಕ್ಷೇಮವಾಗಿ ಸಿಕ್ಕಿದ. ಅವನನ್ನು ಯಾರೂ ಹೊತ್ತೊಯ್ದಿರಲಿಲ್ಲ. ಪರೀಕ್ಷೆಗೆ ಹೆದರಿ ತಾನೇ ಹೋಗಿದ್ದ. ಈ ಸತ್ಯವನ್ನು ಊರಿಗೆಲ್ಲ ಸಾರದೆ ಪೊಲೀಸರಿಗೆ ಬೇರೆ ದಾರಿಯಿರಲಿಲ್ಲ, ಇಲ್ಲದಿದ್ದರೆ ಬೆಂಕಿ ಆರುತ್ತಿರಲಿಲ್ಲ. ಒಬ್ಬ ಹದಿಹರೆಯದವನ ಭಯ, ಮನೆಯವರಿಗೆ ಮತ್ತು ಒಬ್ಬ ಆಪ್ತಸಮಾಲೋಚಕನಿಗೆ ಮಾತ್ರ ತಿಳಿಯಬೇಕಾಗಿದ್ದ ಭಯ, ಜಿಲ್ಲೆಯ ಸುದ್ದಿಯಾಯಿತು. ಲಂಕಾಷೈರಿನಲ್ಲಿ ಆದದ್ದೇ ಇಲ್ಲಿಯೂ ಆಯಿತು: ವದಂತಿ ಹಬ್ಬಿಸಿದವರ ತಪ್ಪಿಗೆ ಕಾಣೆಯಾದವನು ತನ್ನ ಖಾಸಗಿತನವನ್ನು ದಂಡವಾಗಿ ತೆತ್ತ. ಬಂದ್‌ಗೆ ಕರೆ ಕೊಟ್ಟವರು ಏನನ್ನೂ ತೆರಲಿಲ್ಲ.

ಇದಕ್ಕೆಲ್ಲ ಮಿಗಿಲಾದ ಇನ್ನೊಂದು ಮೌನವಿದೆ. ತನಿಖೆಯೇ ನಡೆಯದಿರುವುದನ್ನು ಮುಚ್ಚುವ ಮೌನ ಅದು. ದೆಹಲಿಯ ಪಕ್ಕದ ನೋಯ್ಡಾದ ನಿಠಾರಿಯಲ್ಲಿ ಬಡವರ ಮಕ್ಕಳು ಒಬ್ಬೊಬ್ಬರಾಗಿ ಕಾಣೆಯಾಗುತ್ತಿದ್ದಾಗ ಠಾಣೆಗೆ ಹೋದ ತಂದೆ ತಾಯಂದಿರನ್ನು ಮಗಳು ಯಾರೊಂದಿಗೋ ಓಡಿಹೋಗಿರಬೇಕೆಂದು ಹೇಳಿ ಸಾಗಹಾಕಲಾಯಿತು. 2006ರ ಡಿಸೆಂಬರ್ ಕೊನೆಯಲ್ಲಿ ಒಂದು ಬಂಗಲೆಯ ಹಿಂದಿನ ಚರಂಡಿಯಲ್ಲಿ ಎಲುಬುಗಳು ಸಿಕ್ಕವು. ಅಲ್ಲಿಯ ತನಕ ಒಂದು ಮಾತೂ ಆಡದಿದ್ದ ವ್ಯವಸ್ಥೆ ಅಂದಿನಿಂದ ಮಾತಿನ ಪ್ರವಾಹವನ್ನೇ ಹರಿಸಿತು. ಆರೋಪಿಗಳದೆನ್ನಲಾದ ತಪ್ಪೊಪ್ಪಿಗೆಗಳನ್ನು ಟಿವಿಗಳು ಹಗಲಿರುಳು ಬಿತ್ತರಿಸಿದವು. ಹದಿನೇಳು ವರ್ಷಗಳ ಬಳಿಕ, 2023ರ ಅಕ್ಟೋಬರ್‌ನಲ್ಲಿ, ತನಿಖೆಯ ಲೋಪಗಳನ್ನು ಕಟುವಾಗಿ ಟೀಕಿಸಿ ಅಲಹಾಬಾದ್ ಹೈಕೋರ್ಟ್ ಆರೋಪಿಗಳನ್ನು ಖುಲಾಸೆಗೊಳಿಸಿತು. 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಉಳಿದಿದ್ದ ಕೊನೆಯ ಪ್ರಕರಣದಲ್ಲೂ ಖುಲಾಸೆ ಮಾಡಿತು. ಮಕ್ಕಳನ್ನು ಕೊಂದವರು ಯಾರು ಎಂಬ ಪ್ರಶ್ನೆ ಹಾಗೆಯೇ ಉಳಿಯಿತು. ಮಾತಾಡಬೇಕಾದಾಗ ಮೌನ, ಮೌನವಾಗಿರಬೇಕಾದಾಗ ಮಾತು! ಬಡವರ ಮಕ್ಕಳ ವಿಷಯದಲ್ಲಿ ಎರಡರ ಬೆಲೆಯನ್ನೂ ತೆತ್ತವರು ಅವರೇ.

ಕಾನೂನು ಇಲ್ಲವೆಂದಲ್ಲ. ಕಾಣೆಯಾದ ಮಗುವಿನ ಬಗ್ಗೆ ಬರುವ ಪ್ರತಿಯೊಂದು ದೂರನ್ನೂ ಎಫ್‌ಐಆರ್ ಆಗಿ ದಾಖಲಿಸಿ, ಅಪಹರಣ ಅಥವಾ ಮಾನವ ಸಾಗಾಟವೆಂದೇ ಭಾವಿಸಿ ತನಿಖೆ ಮಾಡಬೇಕೆಂದು 2013ರಲ್ಲಿ ಬಚ್‌ಪನ್ ಬಚಾವೋ ಆಂದೋಲನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಾಣೆಯಾದ ಬಾಲಕಿಯರ ಭಾವಚಿತ್ರವನ್ನು ಪತ್ರಿಕೆ, ಟಿವಿಗಳಲ್ಲಿ ಬೇಗನೆ ಪ್ರಕಟಿಸಬೇಕೆಂದು 2002ರ ಹೋರಿಲಾಲ್ ಪ್ರಕರಣದಲ್ಲೇ ಹೇಳಿದೆ. ಬಾಲನ್ಯಾಯ ಕಾಯ್ದೆ, ಪೋಕ್ಸೊ ಕಾಯ್ದೆಗಳು ಸಂತ್ರಸ್ತ ಮಗುವಿನ ಗುರುತು ಬಹಿರಂಗಪಡಿಸುವುದನ್ನು ನಿಷೇಧಿಸುತ್ತವೆ. ಮಾಹಿತಿ ಹಕ್ಕು ಕಾಯ್ದೆಯ 8(1)(ಎಚ್) ವಿಧಿ ತನಿಖೆಗೆ ಅಡ್ಡಿಯಾಗುವ ಮಾಹಿತಿಗೆ ವಿನಾಯಿತಿ ಕೊಡುತ್ತದೆ. ಆದರೆ ತನಿಖೆ ನಡೆಯುತ್ತಿದೆ ಎಂದಷ್ಟೇ ಹೇಳಿದರೆ ಸಾಲದು, ಮಾಹಿತಿ ಕೊಟ್ಟರೆ ಅದಕ್ಕೆ ಹೇಗೆ ಅಡ್ಡಿಯಾಗುತ್ತದೆ ಎಂಬುದನ್ನು ತೋರಿಸಬೇಕು ಎಂದು 2007ರ ಭಗತ್ ಸಿಂಗ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ ಸ್ಪಷ್ಟಪಡಿಸಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 193ನೇ ಕಲಮು, ತನಿಖೆಯ ಪ್ರಗತಿಯನ್ನು 90 ದಿನಗಳೊಳಗೆ ದೂರುದಾರರಿಗೆ ತಿಳಿಸಬೇಕೆನ್ನುತ್ತದೆ. ಪೊಲೀಸರು ಮಾಧ್ಯಮಗಳಿಗೆ ಹೇಗೆ ಮಾಹಿತಿ ನೀಡಬೇಕೆಂಬ ಕೈಪಿಡಿಯನ್ನು ಮೂರು ತಿಂಗಳಲ್ಲಿ ಸಿದ್ಧಪಡಿಸುವಂತೆ 2023ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೇಂದ್ರ ಗೃಹ ಸಚಿವಾಲಯಕ್ಕೆ ಸೂಚಿಸಿತು.

ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಒಂದು ಸರಳ ವಿಂಗಡಣೆ ಸಿಗುತ್ತದೆ. ಹೆಸರು, ಚಿತ್ರ, ಉಟ್ಟ ಬಟ್ಟೆ, ಕೊನೆಗೆ ಕಂಡ ಜಾಗ ಇವು ಹುಡುಕಾಟಕ್ಕೆ ಬೇಕಾದವು. ಜೀವಕ್ಕೆ ಅಪಾಯವಿಲ್ಲದಿದ್ದರೆ ಇವನ್ನು ಬೇಗ, ಎಲ್ಲರಿಗೂ ಹೇಳಬೇಕು. ಕಾಯಿಲೆ, ಪ್ರೇಮ, ಸಾಲ, ಮನೆಯ ಜಗಳ ಇವು ಹುಡುಕುವವನಿಗೆ ಮಾತ್ರ ಬೇಕಾದವು, ಸಾರ್ವಜನಿಕರಿಗೆ ಅಲ್ಲ. ಅಪರಾಧಿ ಮಾತ್ರ ಬಲ್ಲ ಸುಳಿವು ನ್ಯಾಯಾಲಯದ ತನಕ ಗುಟ್ಟಾಗಿರಲಿ. ಆದರೆ ದೂರು ದಾಖಲಾಗಿದೆಯೇ, ತನಿಖಾಧಿಕಾರಿ ಯಾರು, ಕೊನೆಯ ಬಾರಿ ಯಾವಾಗ ಏನು ಮಾಡಿದರು ಎಂಬುದು ಯಾವ ಕಾಲಕ್ಕೂ ಗುಟ್ಟಲ್ಲ. ಅದು ಪೊಲೀಸರ ಕೆಲಸದ ವಿವರವೇ ಹೊರತು ಕಾಣೆಯಾದವರ ವಿವರವಲ್ಲ. 'ತನಿಖೆಯ ಹಿತದೃಷ್ಟಿ' ಎಂಬ ಪರದೆಯ ಹಿಂದೆ ಈ ಕೊನೆಯದನ್ನು ಅಡಗಿಸುವುದೇ ನಮ್ಮಲ್ಲಿ ನಡೆಯುತ್ತಿರುವ ವಂಚನೆ.

ನಮ್ಮ ಪಾಲನ್ನೂ ಮರೆಯಬಾರದು. ಮೌನ ಸಹಿಸಲಾರದೆ ಕಥೆ ಕಟ್ಟುವವರು ನಾವೇ. ಕಾಣೆಯಾದ ಮಗುವಿನ ಚಿತ್ರವನ್ನು ವಾಟ್ಸಾಪಿನಲ್ಲಿ ಪುಣ್ಯದ ಕೆಲಸವೆಂದು ನೂರು ಜನರಿಗೆ ಕಳಿಸುತ್ತೇವೆ. ಮಗು ಮನೆ ಸೇರಿ ಎಷ್ಟೋ ವರ್ಷಗಳಾದರೂ ಆ ಚಿತ್ರ ಇನ್ನೂ ಸುತ್ತುತ್ತಿರುತ್ತದೆ. ಅದು ದೊಡ್ಡವನಾಗಿ, ತನ್ನ ಬಾಲ್ಯದ ಕೆಟ್ಟ ಗಳಿಗೆಯೊಂದನ್ನು ಯಾರದೋ ಮೊಬೈಲಿನಲ್ಲಿ ನೋಡುತ್ತದೆ. ಚಿತ್ರದ ಕೆಳಗಿನ ದಿನಾಂಕ ನೋಡುವುದು, ಠಾಣೆಗೆ ಒಂದು ಕರೆ ಮಾಡಿ ಕೇಳುವುದು, ಸಿಕ್ಕಿದೆ ಎಂದು ತಿಳಿದರೆ ಅಳಿಸುವುದು ಕಷ್ಟದ ಕೆಲಸವೇನಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳುವುದೂ ಅಷ್ಟೇ.

ನಮ್ಮ ಊರಿನಲ್ಲಿ ಯಾರಾದರೂ ಕಾಣೆಯಾದರೆ ಠಾಣೆಯ ಮುಂದೆ ಗುಂಪು ಸೇರುವ ಬದಲು ಇಬ್ಬರು ಮೂವರು ಜವಾಬ್ದಾರಿಯುತರು ಆ ಮನೆಯವರ ಜೊತೆ ಹೋಗಲಿ. ಅವನಿಗೆ ಏನಾಗಿತ್ತು, ಯಾರ ಜೊತೆ ಹೋದ ಎಂದು ಪೊಲೀಸರನ್ನು ಕೆದಕುವುದು ಬೇಡ. ಎಫ್‌ಐಆರ್ ಪ್ರತಿ ಎಲ್ಲಿ, ತನಿಖಾಧಿಕಾರಿಯ ಹೆಸರೇನು, ಮತ್ತೆ ಯಾವಾಗ ಬಂದು ಕೇಳಬೇಕು ಎಂಬ ಮೂರು ಪ್ರಶ್ನೆಗಳನ್ನು ಕೇಳಲಿ, ಉತ್ತರವನ್ನು ಬರೆದಿಟ್ಟುಕೊಳ್ಳಲಿ. ಈ ಮೂರು ಪ್ರಶ್ನೆಗಳಿಗೆ ಉತ್ತರ ಕೊಡುವುದರಿಂದ ಯಾವ ತನಿಖೆಯ ಹಿತಕ್ಕೂ ಧಕ್ಕೆಯಾಗುವುದಿಲ್ಲ.